ಉಸಿರಿಗಾಗಿ ಕಾಯುವ ಕಾರು

ಗುಂಡ್ಯವನ್ನು ದಾಟಿದೊಡನೆ ಶಿರಾಡಿ ಘಾಟಿಯ ಏರು ಆರಂಭವಾಗುತ್ತದೆ. ಕುಕ್ಕೆ ಸುಬ್ರಹ್ಮಣ್ಯನ ದರ್ಶನ ಮುಗಿಸಿಕೊಂಡು ಬೆಂಗಳೂರಿಗೆ ಮರಳುತ್ತಿರುವ ಒಂದು ಪುಟ್ಟ ಸಂಸಾರವನ್ನು ಕಲ್ಪಿಸಿಕೊಳ್ಳಿ. ಸ್ಟಿಯರಿಂಗ್ ಹಿಡಿದವನು ಮಗ. ಇಪ್ಪತ್ತೆಂಟರ ತರುಣ, ಬೆಂಗಳೂರಿನ ಒಂದು ಕಂಪನಿಯಲ್ಲಿ ಉದ್ಯೋಗಿ. ಪಕ್ಕದಲ್ಲಿ ನಿವೃತ್ತರಾದ ತಂದೆ. ಹಿಂದಿನ ಸೀಟಿನಲ್ಲಿ ತಾಯಿ. ಆಕೆಯ ಮಡಿಲಲ್ಲಿ ಪ್ರಸಾದದ ಚೀಲ. ಕಾರು ಚಿಕ್ಕದು, ಎಂಜಿನ್ 1200 ಸಿ.ಸಿ. ಮಾತ್ರ. ಆದರೆ ಅದಕ್ಕೆ ಟರ್ಬೊ ಉಂಟು. ಅದೂ ಕಾರ್ಖಾನೆಯಿಂದ ಬಂದ ಟರ್ಬೊ ಅಲ್ಲ. ಎರಡು ವರ್ಷದ ಉಳಿತಾಯವನ್ನು ಸುರಿದು ಮಗ ಹಾಕಿಸಿಕೊಂಡ ದೊಡ್ಡ ಟರ್ಬೊ.

ಮುಂದೆ ಮಂಗಳೂರಿನಿಂದ ಬಂದ ಅನಿಲದ ಟ್ಯಾಂಕರು ಏದುಸಿರು ಬಿಡುತ್ತ ಏರುತ್ತಿದೆ. ಅದರ ಹಿಂದೆ ಕಾರು ಮೂರನೆಯ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ತೆವಳುತ್ತಿದೆ. ತಿರುವು ಕಳೆದು ರಸ್ತೆ ತೆರವಾಗಿ ಕಂಡಿತು. ಮಗ ಬಲಕ್ಕೆ ಎಳೆದು ಆಕ್ಸಿಲರೇಟರನ್ನು ಪೂರ್ತಿ ಅದುಮಿದ. ಒಂದು ಕ್ಷಣ ಕಳೆಯಿತು, ಎರಡು ಕ್ಷಣ, ಮೂರು. ಕಾರು ಟ್ಯಾಂಕರಿನ ಪಕ್ಕಕ್ಕೆ ಬಂದು ಅಲ್ಲೇ ನಿಂತಂತೆ ಓಡಿತು. ಎದುರಿನ ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿಕೊಂಡ ಹೊತ್ತಿಗೆ ಸರಿಯಾಗಿ ಎಂಜಿನ್ ಆರ್ಭಟಿಸಿ ಮುನ್ನುಗ್ಗಲು ಹವಣಿಸಿತು! ಬ್ರೇಕು ಹಾಕಿ, ಹೇಗೋ ಟ್ಯಾಂಕರಿನ ಬೆನ್ನಿಗೆ ಮರಳಿ ಸೇರಿಕೊಳ್ಳುವಷ್ಟರಲ್ಲಿ ತಾಯಿಯ ಕೈಯಿಂದ ಪ್ರಸಾದದ ಚೀಲ ಜಾರಿ ಕೆಳಗೆ ಬಿದ್ದಿತ್ತು.

ಸಕಲೇಶಪುರದವರೆಗೆ ಯಾರೂ ಮಾತನಾಡಲಿಲ್ಲ. ಅಲ್ಲಿ ಕಾಫಿ ಕುಡಿಯುವಾಗ ತಂದೆ ಒಂದೇ ಮಾತು ಕೇಳಿದರು: “ನನ್ನ ಹಳೇ ಫಿಯೆಟ್ಟಿಗೆ ನಲವತ್ತು ಕುದುರೆ ಶಕ್ತಿ ಇತ್ತು ಕಣಪ್ಪ. ಅದು ಕಾಲಿಟ್ಟ ತಕ್ಷಣ ಎಷ್ಟೋ ಅಷ್ಟು ಎಳೀತಿತ್ತು. ನಿನ್ನದಕ್ಕೆ ನೂರೈವತ್ತು ಅಂತೀಯ. ಆ ಹೊತ್ತಿಗೆ ಅವೆಲ್ಲ ಎಲ್ಲಿಗೆ ಹೋಗಿದ್ವು?”

ಪ್ರಶ್ನೆ ಸರಳವಾದುದು. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಎಂಜಿನ್ನು ಹೇಗೆ ಉಸಿರಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

ಪೆಟ್ರೋಲು ಉರಿಯಲು ಗಾಳಿ ಬೇಕು. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಅದರ ಹದಿನಾಲ್ಕೂವರೆ ಪಾಲಿಗೂ ಮಿಕ್ಕಿದ ಗಾಳಿ ಅವಶ್ಯ. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಸಾಮಾನ್ಯ ಎಂಜಿನ್ನು ತನ್ನ ಪಿಸ್ಟನ್ನುಗಳ ಸೆಳೆತಕ್ಕೆ ಬಂದಷ್ಟು ಗಾಳಿಯನ್ನು ಮಾತ್ರ ಕುಡಿಯುತ್ತದೆ. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಹಾಗೆ ಎಂಜಿನ್ನಿಗೂ ಒಂದು ತಿದಿಯಿದ್ದರೆ, ಅದೇ ಚಿಕ್ಕ ಹೊಟ್ಟೆಯಲ್ಲಿ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಹೆಚ್ಚು ಶಕ್ತಿಯನ್ನು ಪಡೆಯಬಹುದು. ಟರ್ಬೊ ಎಂಬುದು ಅಂಥ ತಿದಿ. ಆದರೆ ಅದನ್ನು ಒತ್ತಲು ಬೇರೆ ಕೈ ಬೇಕಿಲ್ಲ; ಎಂಜಿನ್ನು ಹೊರಗೆ ಬಿಸಾಡುವ ಬಿಸಿ ಹೊಗೆಯೇ ಆ ಕೈ. ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ನೀರು ಚಕ್ರಗಳನ್ನು ತಿರುಗಿಸುತ್ತ ಬಂದಿರುವಂತೆಯೇ ಇಲ್ಲಿ ಹೊಗೆಯ ಧಾರೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರ ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನ್ನಿಗೆ ಊಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ಇದಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು.

ಹೊರಗೆ ಹೋಗುವ ಹೊಗೆಯಿಂದಲೇ ಶಕ್ತಿ! ಬಿಟ್ಟಿಯಾಗಿ ದೊರೆತಂತೆ ತೋರುವ ಈ ವರದಲ್ಲಿಯೇ ಒಂದು ತೊಡಕು ಅಡಗಿದೆ. ಹೆಚ್ಚು ಗಾಳಿ ಬೇಕಾದರೆ ಹೆಚ್ಚು ಹೊಗೆ ಬೇಕು. ಹೆಚ್ಚು ಹೊಗೆ ಬೇಕಾದರೆ ಮೊದಲು ಹೆಚ್ಚು ಗಾಳಿ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ ಇದು.

ಲೆಕ್ಕ ಹಾಕಿ ನೋಡೋಣ. 1200 ಸಿ.ಸಿ.ಯ ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಕುಡಿಯುತ್ತದೆ. ಎಂದರೆ ಒಂದು ಸುತ್ತಿಗೆ 600 ಸಿ.ಸಿ. ನಿಮಿಷಕ್ಕೆ 1500 ಸುತ್ತಿನಲ್ಲಿ ಅದು ಕುಡಿಯಬಲ್ಲ ಗಾಳಿ ಹೆಚ್ಚೆಂದರೆ 900 ಲೀಟರು. 5000 ಸುತ್ತಿನಲ್ಲಿ 3000 ಲೀಟರು. ಟರ್ಬೊದ ಚಕ್ರಕ್ಕೆ ದೊರೆಯುವ ಹೊಗೆಯೂ ಇದೇ ಪ್ರಮಾಣದಲ್ಲಿ ಏರಿಳಿಯುತ್ತದೆ. ಸಾಲದುದಕ್ಕೆ, ಟರ್ಬೊ ಕೊಡುವ ಒತ್ತಡ ಅದರ ವೇಗದೊಂದಿಗೆ ಸಮನಾಗಿ ಏರುವುದಿಲ್ಲ. ಸರಿಸುಮಾರು ವೇಗದ ವರ್ಗದಂತೆ ಏರುತ್ತದೆ. ಚಕ್ರದ ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಚಿಕ್ಕ ಕಾರುಗಳ ಟರ್ಬೊ ಪೂರ್ಣ ಶಕ್ತಿಯಲ್ಲಿದ್ದಾಗ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವುದುಂಟು. ಘಾಟಿಯಲ್ಲಿ ಟ್ಯಾಂಕರಿನ ಹಿಂದೆ ತೆವಳುವಾಗ ಅದು ಆ ವೇಗದ ಹತ್ತಿರದಲ್ಲಿಯೂ ಇರುವುದಿಲ್ಲ. ಆಗ ಆ ಕಾರು ಹೆಸರಿಗೆ ಟರ್ಬೊ, ವಾಸ್ತವವಾಗಿ ಬರಿಯ 1200 ಸಿ.ಸಿ.ಯ ಬಡಪಾಯಿ.

ಇಲ್ಲಿ ಎರಡು ದೋಷಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಎಂಜಿನ್ನು ಇಂತಿಷ್ಟು ಸುತ್ತಿಗಿಂತ ಕೆಳಗಿದ್ದರೆ, ಎಷ್ಟು ಹೊತ್ತು ಕಾದರೂ ಟರ್ಬೊ ಏಳದು. ಅಷ್ಟು ಹೊಗೆಯೇ ಅಲ್ಲಿ ಇಲ್ಲ. ಇದು ಹೊಸ್ತಿಲಿನ ಪ್ರಶ್ನೆ. ಹೊಸ್ತಿಲನ್ನು ದಾಟಿದ ಮೇಲೂ, ಕಾಲಿಟ್ಟ ಕ್ಷಣಕ್ಕೂ ಚಕ್ರ ವೇಗ ಪಡೆಯುವ ಕ್ಷಣಕ್ಕೂ ನಡುವೆ ಒಂದು ವಿಳಂಬವಿದೆ. ‘ಟರ್ಬೊ ಲ್ಯಾಗ್’ ಎಂದು ಎಲ್ಲರೂ ಹೇಳುವುದು ಇದನ್ನೇ. ಗ್ಯಾರೇಜುಗಳಲ್ಲಿ ಎರಡನ್ನೂ ಒಟ್ಟುಗೂಡಿಸಿ ‘ಪಿಕಪ್ ಇಲ್ಲ’ ಎನ್ನುತ್ತಾರೆ. ಶಿರಾಡಿಯ ತರುಣನಿಗೆ ಎರಡೂ ಏಕಕಾಲಕ್ಕೆ ಕಾಡಿದವು.

ದೊಡ್ಡ ಟರ್ಬೊ ಹಾಕಿದರೆ ಇವೆರಡೂ ಏಕೆ ಹೆಚ್ಚುತ್ತವೆ? ಜಾತ್ರೆಯಲ್ಲಿ ಮಾರುವ ಗಿರಗಿಟ್ಟಲೆಯನ್ನು ನೆನಪಿಸಿಕೊಳ್ಳಿ. ಚಿಕ್ಕದು ಮಗುವಿನ ಉಸಿರಿಗೇ ತಿರುಗುತ್ತದೆ. ದೊಡ್ಡದಕ್ಕೆ ಬೀಸುವ ಗಾಳಿಯೇ ಬೇಕು. ಒಂದೇ ಆಕಾರದ ಎರಡು ಚಕ್ರಗಳಲ್ಲಿ, ತಿರುಗಲು ಒಡ್ಡುವ ಜಡತ್ವ ವ್ಯಾಸದ ಐದನೆಯ ಘಾತದಂತೆ ಏರುತ್ತದೆಂಬುದು ಯಂತ್ರಶಾಸ್ತ್ರದ ನಿಯಮ. ವ್ಯಾಸವನ್ನು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿಸಿದರೆ ಜಡತ್ವ ಸುಮಾರು ಎರಡೂವರೆ ಪಟ್ಟಾಗುತ್ತದೆ! ಅದರ ಮೇಲೆ, ಹೊಗೆ ನುಗ್ಗುವ ದಾರಿಯೂ ಅಗಲವಾಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟರೆ ನೀರು ದೂರಕ್ಕೆ ಚಿಮ್ಮುತ್ತದೆ, ಬೆರಳು ತೆಗೆದರೆ ಕಾಲ ಬುಡದಲ್ಲಿಯೇ ಸುರಿಯುತ್ತದೆ. ದೊಡ್ಡ ಟರ್ಬೊ ಎಂದರೆ ಬೆರಳು ತೆಗೆದ ಪೈಪು. ಮೇಲಿನ ವೇಗದಲ್ಲಿ ಹೊಗೆ ಸರಾಗವಾಗಿ ಹರಿದು ಶಕ್ತಿ ಹೆಚ್ಚುತ್ತದೆ, ನಿಜ. ಕೆಳಗಿನ ವೇಗದಲ್ಲಿ ಆ ಬಡ ಹೊಗೆಗೆ ಚಕ್ರವನ್ನು ಅಲುಗಿಸುವ ಚುರುಕೇ ಉಳಿಯುವುದಿಲ್ಲ.

ಈ ಪಾಠವನ್ನು ಕಲಿಯಲು ಜಗತ್ತಿನ ದೊಡ್ಡ ದೊಡ್ಡ ತಯಾರಕರೂ ಬೆಲೆ ತೆತ್ತಿದ್ದಾರೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಹೊರತಂದಿತು. ಒತ್ತಿದ ಗಾಳಿ ಬಿಸಿಯಾಗಿ ಪೆಟ್ರೋಲು ಅಕಾಲದಲ್ಲಿ ಸಿಡಿಯದಂತೆ, ನೀರು ಮತ್ತು ಮಿಥೈಲ್ ಆಲ್ಕೊಹಾಲುಗಳ ಮಿಶ್ರಣವೊಂದನ್ನು ಚಿಮ್ಮಿಸುವ ಏರ್ಪಾಟು ಅದರಲ್ಲಿತ್ತು. ಆ ಬುಡ್ಡಿಯನ್ನು ಆಗಾಗ ತುಂಬಬೇಕೆಂಬುದನ್ನೇ ಕೊಂಡವರು ಮರೆತರು! ಕಡೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನು ಕಳಚಿ ಸಾಮಾನ್ಯ ಕಾರ್ಬ್ಯುರೇಟರನ್ನು ಕೂಡಿಸಬೇಕಾಯಿತು. ಜರ್ಮನಿಯ ಬಿ.ಎಂ.ಡಬ್ಲ್ಯು. 1973ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ‘2002 ಟರ್ಬೊ’ ಕಾರಿನಲ್ಲಿ ಸಿಡಿತವನ್ನು ತಪ್ಪಿಸಲು ಎಂಜಿನ್ನಿನ ಸಂಪೀಡನ ಪ್ರಮಾಣವನ್ನೇ 6.9ಕ್ಕೆ ಇಳಿಸಿದರು. ಶಕ್ತಿ 170 ಕುದುರೆಗೇರಿತು. ಆದರೆ ಸಂಪೀಡನ ತಗ್ಗಿದ ಎಂಜಿನ್ನು ಟರ್ಬೊ ಏಳುವವರೆಗೆ ತನ್ನ ಟರ್ಬೊರಹಿತ ಸೋದರನಿಗಿಂತಲೂ ಮಂದವಾಗಿರುತ್ತಿತ್ತು. ಎದ್ದ ಮೇಲೆ ಬೆನ್ನಿಗೆ ಗುದ್ದಿದಂತೆ ನುಗ್ಗುತ್ತಿತ್ತು. ಆ ಹೊತ್ತಿಗೆ ತೈಲದ ಬಿಕ್ಕಟ್ಟೂ ಸೇರಿ, ಒಟ್ಟು 1672 ಕಾರುಗಳಿಗೇ ಅದರ ಕಥೆ ಮುಗಿಯಿತು.

ಓಟದ ಪಂದ್ಯಗಳಲ್ಲಿ ಇದು ಇನ್ನೂ ಸೊಗಸಾಗಿ ಬಯಲಾಯಿತು. ಫ್ರಾನ್ಸಿನ ರೆನೊ ಸಂಸ್ಥೆ 1977ರಲ್ಲಿ, ಇತರರ 3 ಲೀಟರು ಎಂಜಿನ್ನುಗಳ ಎದುರಿಗೆ, ತನ್ನ ಒಂದೂವರೆ ಲೀಟರಿನ ಟರ್ಬೊ ಕಾರನ್ನು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿಸಿತು. ಹಳದಿ ಬಣ್ಣದ ಆ ಕಾರು ಮೇಲಿಂದ ಮೇಲೆ ಕೆಟ್ಟು ಆವಿಯುಗುಳುತ್ತಿದ್ದುದನ್ನು ಕಂಡು ‘ಹಳದಿ ಚಹದ ಕೆಟಲು’ ಎಂದು ಗೇಲಿ ಮಾಡಿದವರೇ ಹೆಚ್ಚು. ತಿರುವಿನಿಂದ ಹೊರಬರುವಾಗ ಶಕ್ತಿ ತಡವಾಗಿ ಬರುತ್ತಿದ್ದುದು ಅದರ ದೊಡ್ಡ ರೋಗ. 1979ರಲ್ಲಿ ಅದರ ಎಂಜಿನಿಯರುಗಳು ಒಂದು ದೊಡ್ಡ ಟರ್ಬೊವನ್ನು ತೆಗೆದು, ಬದಿಗೊಂದರಂತೆ ಎರಡು ಚಿಕ್ಕ ಟರ್ಬೊಗಳನ್ನು ಜೋಡಿಸಿದರು. ಅದೇ ವರ್ಷದ ಜುಲೈ 1ರಂದು ದಿಜೋಂ ನಗರದಲ್ಲಿ ಜ್ಯಾಂ-ಪಿಯೇರ್ ಜಬೂಯಿ ಆ ಕಾರಿನಲ್ಲಿ ಫ್ರೆಂಚ್ ಗ್ರ್ಯಾಂಡ್ ಪ್ರಿಯನ್ನು ಗೆದ್ದನು. ಅಲ್ಲಿಗೆ ನಕ್ಕವರ ಬಾಯಿ ಕಟ್ಟಿತು.

ಸಂಸಾರಸ್ಥರ ಕಾರಿಗೆ ಟರ್ಬೊವನ್ನು ಒಗ್ಗಿಸಿದ ಕೀರ್ತಿ ಬಹುಮಟ್ಟಿಗೆ ಸ್ವೀಡನ್ನಿನ ಸಾಬ್ ಸಂಸ್ಥೆಯದು. 1978ರಲ್ಲಿ ಮಾರುಕಟ್ಟೆಗೆ ಬಂದ ಅದರ ‘99 ಟರ್ಬೊ’ವಿನ ಹಿಂದಿದ್ದ ವಿಚಾರ ತೀರ ಸರಳ. ಮೇಲಿನ ವೇಗದ ಶಕ್ತಿಯ ಆಸೆಯನ್ನು ಬಿಟ್ಟು, ಬೇಗ ಏಳುವ ಚಿಕ್ಕ ಟರ್ಬೊವನ್ನೇ ಹಾಕುವುದು. ಒತ್ತಡ ಮಿತಿಮೀರಿದರೆ ಹೆಚ್ಚಿನ ಹೊಗೆಯನ್ನು ಒಂದು ಕಿಟಕಿಯ ಮೂಲಕ ಹೊರಗೆ ಬಿಡುವುದು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಚಿಕ್ಕ ಟರ್ಬೊ ಕಾರುಗಳೆಲ್ಲ ಈ ವಿಚಾರದ ಮಕ್ಕಳು. ಭಾರತದಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, 1200 ಸಿ.ಸಿ. ಮೀರದ ಪೆಟ್ರೋಲು ಕಾರುಗಳಿಗೆ ತೆರಿಗೆ ಕಡಿಮೆ. ಆದುದರಿಂದ ಹೊಟ್ಟೆಯನ್ನು ದೊಡ್ಡದು ಮಾಡದೆ ಶಕ್ತಿ ಹೆಚ್ಚಿಸಲು ಇಲ್ಲಿ ಟರ್ಬೊ ಒಂದು ಸುಲಭೋಪಾಯವಾಯಿತು. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ.ಯ 1.2 ಲೀಟರು ಎಂಜಿನ್ನು ತನ್ನ ಗರಿಷ್ಠ ಎಳೆತವಾದ 175 ನ್ಯೂಟನ್-ಮೀಟರುಗಳನ್ನು ಕೇವಲ 1500 ಸುತ್ತಿನಿಂದಲೇ ಕೊಡುತ್ತಿತ್ತು. ಎಂದರೆ, ನಗರದ ಸಿಗ್ನಲ್ಲುಗಳ ನಡುವೆ ಹೇಗೆ ಓಡಬೇಕೆಂಬುದನ್ನು ಎಣಿಸಿಯೇ ತಯಾರಕರು ಟರ್ಬೊವಿನ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಅದನ್ನು ಕಿತ್ತು ದೊಡ್ಡದನ್ನು ಹಾಕಿದವನು ಆ ಎಣಿಕೆಯನ್ನೂ ಕಿತ್ತಂತಾಯಿತು.

ನಮ್ಮ ತರುಣ ಊರಿಗೆ ಬಂದ ಮರುದಿನವೇ, ಮಾರ್ಪಾಡು ಮಾಡಿದವರನ್ನು ಬಿಟ್ಟು, ತಂದೆಯ ಕಾಲದಿಂದ ಪರಿಚಯವಿದ್ದ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಕಾರನ್ನು ಒಯ್ದನೆಂದು ಇಟ್ಟುಕೊಳ್ಳೋಣ. ಮೇಸ್ತ್ರಿ ಬಾನೆಟ್ಟು ಎತ್ತುವ ಮೊದಲು ನೋಡಿದ್ದು ಚಕ್ರಗಳನ್ನು! ಕಾರ್ಖಾನೆಯ 15 ಇಂಚಿನ ಚಕ್ರಗಳ ಬದಲು ಅಲ್ಲಿ ಹೊಳೆಯುವ 17 ಇಂಚಿನ ಅಲಾಯ್ ಚಕ್ರಗಳು ಕುಳಿತಿದ್ದವು. 185/60 ಅಳತೆಯ ಹಳೆಯ ಟೈರಿನ ವ್ಯಾಸ ಸುಮಾರು 603 ಮಿಲಿಮೀಟರು. 215/50 ಅಳತೆಯ ಹೊಸದರದು ಸುಮಾರು 647. ನೂರಕ್ಕೆ ಏಳರಷ್ಟು ಎತ್ತರ. ರಸ್ತೆಯ ಮೇಲೆ ಅದೇ ವೇಗದಲ್ಲಿ ಹೋಗುವಾಗ ಮೊದಲು 1500 ಸುತ್ತು ತಿರುಗುತ್ತಿದ್ದ ಎಂಜಿನ್ನು ಈಗ 1400 ತಿರುಗುತ್ತದೆ. ಟರ್ಬೊದ ಹೊಸ್ತಿಲು ಮೇಲಕ್ಕೇರಿದೆ, ಎಂಜಿನ್ನು ಕೆಳಕ್ಕಿಳಿದಿದೆ! ಚಕ್ರಗಳ ತೂಕ ಹೆಚ್ಚಿದ್ದರೆ ಅದು ಬೇರೆ. ಅಂದಕ್ಕೆಂದು ಹಾಕಿಸಿದ ಚಕ್ರಗಳು ಪಿಕಪ್ಪನ್ನು ಕದಿಯುತ್ತವೆಂದು ಹೇಳಿದರೆ ತರುಣರು ನಂಬುವುದು ಕಷ್ಟ, ಲೆಕ್ಕವಂತೂ ಇಷ್ಟೇ.

ಆಮೇಲೆ ಮೇಸ್ತ್ರಿ ಗಾಳಿಯ ಕೊಳವೆಗಳನ್ನು ಪರೀಕ್ಷಿಸಿದರು. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಜಾಲರಿ ಇರುತ್ತದೆ. ಅದೂ ದೊಡ್ಡದಾಗಿದ್ದರೆ ಒಳ್ಳೆಯದೆಂದು ಹಿಗ್ಗಿಸಿದ್ದರು. ಜಾಲರಿ ಮತ್ತು ಕೊಳವೆಗಳು ಹಿಗ್ಗಿದಷ್ಟೂ ಅವನ್ನು ತುಂಬಲು ಗಾಳಿಗೆ ಹೆಚ್ಚು ಹೊತ್ತು ಬೇಕು. ಇದು ಸಣ್ಣ ದೋಷ. ನಿಜವಾದ ಕಳ್ಳ ಬೇರೆಡೆ ಇದ್ದ. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುವಂತೆ, ಮೇಸ್ತ್ರಿ ಕೊಳವೆಗೆ ಹದವಾಗಿ ಗಾಳಿ ತುಂಬಿ, ಕೂಡುಗಳಿಗೆಲ್ಲ ಸಾಬೂನು ನೀರು ಹಚ್ಚಿದರು. ಒಂದು ಕ್ಲಿಪ್ಪಿನ ಬಳಿ ಬುರುಬುರು ನೊರೆ ಎದ್ದಿತು. ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿಯಲ್ಲಿ ಒಂದು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಮಾರ್ಪಾಡು ಮಾಡಿದ ಕಾರುಗಳಲ್ಲಿ ಮೊದಲು ನೋಡಬೇಕಾದುದು ಇದನ್ನೇ, ಖರ್ಚೂ ಕಡಿಮೆ. ಜನ ಮಾತ್ರ ಇದನ್ನು ಕೊನೆಗೆ ನೋಡುತ್ತಾರೆ.

“ಸೈಲೆನ್ಸರ್ ಅಗಲ ಮಾಡ್ಸಿದ್ದಕ್ಕೇ ಹೀಗಾಯ್ತು ಅಂತ ಸ್ನೇಹಿತರು ಹೇಳ್ತಾರೆ ಮೇಸ್ತ್ರಿ,” ಎಂದ ತರುಣ.

“ಅದರದೇನೂ ತಪ್ಪಿಲ್ಲ ಸಾರ್. ಟರ್ಬೊ ದಾಟಿದ ಮೇಲೆ ಹೊಗೆಗೆ ದಾರಿ ಸಲೀಸಾದಷ್ಟೂ ಒಳ್ಳೇದೇ. ಟರ್ಬೊಗೆ ಮೊದಲು ದಾರಿ ಅಗಲ ಮಾಡ್ಬಾರ್ದು. ಅಲ್ಲಿ ಹೊಗೆ ಬಿಸಿಯಾಗಿರ್ಬೇಕು, ರಭಸವಾಗಿರ್ಬೇಕು. ನಿಮ್ಮ ಗಾಡಿಗೆ ಶಕ್ತಿ ಕಮ್ಮಿಯಾಗಿಲ್ಲ ಸಾರ್; ಅದು ಬರೋ ಹೊತ್ತು ಬದಲಾಗಿದೆ.”

ಮೇಸ್ತ್ರಿಯ ಈ ಕೊನೆಯ ಮಾತಿನಲ್ಲಿ ಮನಸ್ಸಿಗೆ ಸಂಬಂಧಿಸಿದ ಒಂದು ಸತ್ಯವೂ ಇದೆ. ಬಿಸಿನೀರಿನಲ್ಲಿದ್ದ ಕೈಯನ್ನು ಉಗುರುಬೆಚ್ಚನೆಯ ನೀರಿಗೆ ಅದ್ದಿದರೆ ತಣ್ಣಗೆನಿಸುತ್ತದೆ. ಹಾಗೆಯೇ 4000 ಸುತ್ತಿನ ಮೇಲೆ ಕಾರು ಬಾಣದಂತೆ ಹಾರತೊಡಗಿದ ಮೇಲೆ, 1500ರಲ್ಲಿ ಅದು ಮೊದಲಿನಷ್ಟೇ ಎಳೆಯುತ್ತಿದ್ದರೂ ಸತ್ತಂತೆ ತೋರುತ್ತದೆ. ಆದುದರಿಂದ ಸೋತಿರುವುದು ಎಂಜಿನ್ನೋ ಅನಿಸಿಕೆಯೋ ಎಂಬುದನ್ನು ಅಳೆದು ನೋಡಬೇಕು. ಉರುಳೆಗಳ ಮೇಲೆ ಕಾರನ್ನು ಓಡಿಸಿ ಎಳೆತವನ್ನು ಅಳೆಯುವ ಡೈನೊ ಯಂತ್ರಗಳು ದೊಡ್ಡ ನಗರಗಳಲ್ಲಿ ದೊರೆಯುತ್ತವೆ. ಮಾರ್ಪಾಡಿಗೆ ಮೊದಲೊಮ್ಮೆ, ಆದ ಮೇಲೊಮ್ಮೆ ಅಳೆಸಿ ಎರಡು ಗೆರೆಗಳನ್ನು ಹೋಲಿಸಿದರೆ ವಾದಕ್ಕೆ ಎಡೆಯಿಲ್ಲ. ಗ್ಯಾರೇಜಿನವರು ಮೇಲ್ತುದಿಯ ಅಂಕಿಯೊಂದನ್ನೇ ತೋರಿಸಿ ಹಣ ಪಡೆಯುತ್ತಾರೆ. 2000 ಸುತ್ತಿನ ಕೆಳಗಿನ ಗೆರೆಯನ್ನು ಕೇಳಿ ಪಡೆಯುವವರು ವಿರಳ. ಸಂಸಾರದ ಕಾರು ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ಆ ಗೆರೆಯ ಮೇಲೆಯೇ.

ಬೆಂಗಳೂರಿನವರಿಗೆ ಇನ್ನೊಂದು ತೊಂದರೆ ಹುಟ್ಟಿನಿಂದಲೇ ಬಂದಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ಊರಿನಲ್ಲಿ ಗಾಳಿ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಟರ್ಬೊ ಎದ್ದ ಮೇಲೆ ಈ ಕೊರತೆ ಬಹುಮಟ್ಟಿಗೆ ತುಂಬಿಹೋಗುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಶಿಖರಕ್ಕೆ ವಿಮಾನದ ಎಂಜಿನ್ನೊಂದನ್ನು ಸಾಗಿಸಿ, ಟರ್ಬೊವಿನ ಈ ಗುಣವನ್ನೇ ತೋರಿಸಿಕೊಟ್ಟನು. ಟರ್ಬೊ ಏಳದ ವೇಗದಲ್ಲಿ ಮಾತ್ರ ಆ ಹತ್ತನೆಯ ಒಂದು ಪಾಲು ಪೂರ್ತಿ ನಷ್ಟವೇ.

ಇದನ್ನು ತಿಳಿಯದೆ, ಏಳದ ಕಾರನ್ನು ಎಬ್ಬಿಸಲು ಮೇಲಿನ ಗೇರಿನಲ್ಲಿಯೇ ಆಕ್ಸಿಲರೇಟರನ್ನು ನೆಲಕ್ಕೊತ್ತುವ ಅಭ್ಯಾಸ ಅಪಾಯಕರ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಇಂದಿನ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ, ಕಡಿಮೆ ಸುತ್ತು ಮತ್ತು ಅತಿ ಭಾರ ಕೂಡಿದಾಗ, ಕಿಡಿ ಹಾರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದುಂಟು. ಅದರ ಹೊಡೆತಕ್ಕೆ ಪಿಸ್ಟನ್ನೇ ಬಿರುಕು ಬಿಟ್ಟೀತು. ಇದನ್ನು ತಡೆಯಬಲ್ಲ ಎಂಜಿನ್ ಎಣ್ಣೆಗೆಂದೇ 2018ರಲ್ಲಿ ಎ.ಪಿ.ಐ. ಎಸ್.ಎನ್. ಪ್ಲಸ್ ಎಂಬ ಪ್ರತ್ಯೇಕ ದರ್ಜೆಯನ್ನು ಗೊತ್ತುಮಾಡಬೇಕಾಯಿತು. ಕಾರ್ಖಾನೆಯವರು ಕೆಳಗಿನ ಸುತ್ತುಗಳಲ್ಲಿ ಒತ್ತಡವನ್ನು ಬೇಕೆಂದೇ ಬಿಗಿಹಿಡಿದಿರುವುದಕ್ಕೆ ಇದೂ ಒಂದು ಕಾರಣ. ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದಿ ಆ ಬಿಗಿಯನ್ನು ಸಡಿಲಿಸಿಕೊಡುತ್ತೇವೆನ್ನುವವರ ಮಾತಿಗೆ ಮರುಳಾಗುವ ಮೊದಲು ಈ ಸಂಗತಿಯನ್ನು ನೆನೆಯಬೇಕು. ಘಾಟಿಯಲ್ಲಿ ಮಾಡಬೇಕಾದುದು ಹಳೆಯ ಚಾಲಕರೆಲ್ಲ ಬಲ್ಲ ಕೆಲಸ: ಟ್ಯಾಂಕರಿನ ಬೆನ್ನು ಬಿಡುವ ಮೊದಲೇ ಎರಡನೆಯ ಗೇರಿಗೆ ಇಳಿಸಿ, ಎಂಜಿನ್ನು ಟರ್ಬೊದ ಹೊಸ್ತಿಲನ್ನು ದಾಟಿದೆಯೆಂದು ಗೊತ್ತಾದ ಮೇಲೆ ಹೊರಡುವುದು. ದಾಟದಿದ್ದರೆ, ಹೊರಡದಿರುವುದು.

ಕಾನೂನಿನ ಮಾತನ್ನೂ ಹೇಳದೆ ವಿಧಿಯಿಲ್ಲ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿಷೇಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅಪಘಾತವಾದ ಮೇಲೆ ವಿಮೆಯವರು ಬಾನೆಟ್ಟು ಎತ್ತಿ ನೋಡಿ ತಕರಾರು ತೆಗೆದರೆ, ಗ್ಯಾರೇಜಿನವರು ಬಂದು ಜವಾಬು ಹೇಳುವುದಿಲ್ಲ.

ತರುಣ ಒಂದು ವಾರ ಯೋಚಿಸಿದನು. ಮೊದಲು ಹಳೆಯ 15 ಇಂಚಿನ ಚಕ್ರಗಳು ಮರಳಿದವು. ಸೋರುತ್ತಿದ್ದ ಕ್ಲಿಪ್ಪು ಬದಲಾಯಿತು. ಅಷ್ಟರಿಂದಲೇ ಕಾರು ಅರ್ಧ ಚೇತರಿಸಿಕೊಂಡಿತು. ಉಳಿದ ಅರ್ಧಕ್ಕಾಗಿ, ತುಸು ಮುಖ ಸಣ್ಣದು ಮಾಡಿಕೊಂಡೇ, ಕಾರ್ಖಾನೆಯ ಚಿಕ್ಕ ಟರ್ಬೊವನ್ನು ಮೇಸ್ತ್ರಿಯ ಕೈಗೆ ಕೊಟ್ಟನು. ಮುಂದಿನ ಭಾನುವಾರ ತಂದೆಯನ್ನು ಕೂರಿಸಿಕೊಂಡು ನಂದಿ ಬೆಟ್ಟವನ್ನು ಹತ್ತಿಸಿದಾಗ ಅವರು ಏನೂ ಹೇಳಲಿಲ್ಲ. ಎರಡನೆಯ ತಿರುವು ಕಳೆದ ಮೇಲೆ, ಬಾಗಿಲ ಮೇಲಿನ ಹಿಡಿಯನ್ನು ಹಿಡಿದಿದ್ದ ಕೈಯನ್ನು ಮಾತ್ರ ಕೆಳಗಿಳಿಸಿದರು.

ದೊಡ್ಡ ಟರ್ಬೊ ಈಗ ಮನೆಯ ಅಟ್ಟದ ಮೇಲಿದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು. ಅದನ್ನು ತೂಕಕ್ಕೆ ಹಾಕಿದರೆ ಎಷ್ಟು ಬಂದೀತೆಂದು ತಾಯಿ ಎರಡು ಬಾರಿ ವಿಚಾರಿಸಿದ್ದಾರೆ.